ಮೆಣಸು ಕೊಯ್ಲಿಗೆ ಫೈಬರ್ ಏಣಿ: ಒಂದು ಸೀಸನ್ ಬಳಸಿದ ಮೇಲೆ

ಫೈಬರ್ ಏಣಿ ತೆಗೆದುಕೊಳ್ಳಬೇಕಾ ಬೇಡ್ವಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ತೆಗೆದುಕೊಳ್ಳಿ. ನಿಮ್ಮ ತೋಟದ ಮೇಲೆ ಕರೆಂಟ್ ತಂತಿ ಹಾದು ಹೋಗಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ. ದುಡ್ಡು ಜಾಸ್ತಿ, ಭಾರ ಜಾಸ್ತಿ, ಕೆಲಸದವರು ಶುರುವಿನಲ್ಲಿ ಗೊಣಗುತ್ತಾರೆ, ಇದೆಲ್ಲ ನಿಜ. ಆದರೂ ತೆಗೆದುಕೊಳ್ಳಿ. ಏಣಿ ಬಂತು, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಎಂದು ಮಾತ್ರ ಅಂದುಕೊಳ್ಳಬೇಡಿ. ಅದು ಯಾಕೆ ಎಂದು ಬರೆಯುತ್ತಾ ಹೋದ ಹಾಗೆ ಇದು ಉದ್ದವಾಯಿತು. ತೋಟ ಇರುವವರು, ತೋಟದಲ್ಲಿ ಏಣಿ ಹತ್ತುವವರು ಪೂರ್ತಿ ಓದಿ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ ಸಣ್ಣ ಕಾಫಿ ತೋಟ. ರೊಬಸ್ಟಾ, ಮಧ್ಯೆ ಸಿಲ್ವರ್ ಓಕ್, ಹಾಲವಾಣ, ಒಂದಷ್ಟು ಹಳೆಯ ಕಾಡು ಮರ, ಎಲ್ಲದರ ಮೇಲೂ ಮೆಣಸಿನ ಬಳ್ಳಿ. ತೋಟದ ನಡುವೆ 11 ಕೆವಿ ಕರೆಂಟ್ ಲೈನ್ ಹೋಗಿದೆ. ಕೊಡಗಿನಲ್ಲಿ ಇಂಥ ತೋಟ ಎಷ್ಟು ಬೇಕಾದರೂ ಸಿಗುತ್ತವೆ. ಮೆಣಸು ಕೊಯ್ಲಿನ ಹೊತ್ತಿಗೆ, ಆಮೇಲೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಹೊತ್ತಿಗೆ, ಏಣಿ ತಂತಿಗೆ ತಾಗಿ ಕಾರ್ಮಿಕ ಸಾವು ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದುತ್ತಲೇ ಬಂದಿದ್ದೇವೆ. ಓದಿ, ಅಯ್ಯೋ ಪಾಪ ಎಂದು, ಮರುದಿನ ಅದೇ ಅಲ್ಯೂಮಿನಿಯಂ ಏಣಿಯನ್ನು ಹೊರಗೆ ತೆಗೆಯುತ್ತೇವೆ. ಇದು ನನಗೆ ಸಹಿಸಲು ಆಗದ ವಿಷಯ.

ಮೊದಲೆಲ್ಲ ಬಿದಿರಿನ ಏಣಿ ಇತ್ತು. ಅದು ಬೇಗ ಹುಳ ಹಿಡಿಯುತ್ತದೆ, ಮಳೆಗಾಲ ಕಳೆದರೆ ಯಾವ ಮೆಟ್ಟಿಲು ಯಾವಾಗ ಮುರಿಯುತ್ತದೆ ಎಂದು ಹೇಳುವ ಹಾಗಿಲ್ಲ. ಅಲ್ಯೂಮಿನಿಯಂ ಬಂದಾಗ ಎಲ್ಲರಿಗೂ ಹಿಡಿಸಿತು. ಹಗುರ, ಒಬ್ಬನೇ ಹೆಗಲ ಮೇಲೆ ಇಟ್ಟುಕೊಂಡು ಹೋಗಬಹುದು, ವರ್ಷಗಟ್ಟಲೆ ಬಾಳಿಕೆ. ಅಪಾಯ ಇರುವುದೂ ಆ ಹಗುರದಲ್ಲೇ. ಒಂದು ಮರದಿಂದ ಪಕ್ಕದ ಮರಕ್ಕೆ ಹೋಗುವಾಗ ಯಾರೂ ಏಣಿಯನ್ನು ಮಲಗಿಸುವುದಿಲ್ಲ. ನಿಂತ ಹಾಗೇ ಎತ್ತಿಕೊಂಡು, ತಲೆ ಮೇಲೆತ್ತಿ ಬಳ್ಳಿ ನೋಡುತ್ತಾ ನಡೆಯುತ್ತಾರೆ. ಏಣಿಯ ತುದಿ ಎಲೆಗಳ ಮಧ್ಯೆ ಎಲ್ಲಿದೆ ಎಂದು ಕೆಳಗಿದ್ದವನಿಗೆ ಕಾಣುವುದೇ ಇಲ್ಲ.

ಒಂದು ಲೆಕ್ಕ ನೋಡಿ. ರಸ್ತೆ ಬಿಟ್ಟು ಬೇರೆ ಜಾಗದಲ್ಲಿ 11 ಕೆವಿವರೆಗಿನ ಹೊದಿಕೆ ಇಲ್ಲದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿ ಇರಬೇಕು ಎನ್ನುತ್ತದೆ ವಿದ್ಯುತ್ ಸುರಕ್ಷತಾ ನಿಯಮ. ಅಂದರೆ 15 ಅಡಿ. ನಮ್ಮ ಏಣಿ 20 ಅಡಿ, 25 ಅಡಿ. ತಂತಿ ನಿಯಮದ ಪ್ರಕಾರವೇ ಇದ್ದರೂ ನಿಲ್ಲಿಸಿದ ಏಣಿ ಅದನ್ನು ದಾಟಿ ಮೇಲೆ ಹೋಗುತ್ತದೆ. ತಂತಿ ಜೋತು ಬಿದ್ದಿದ್ದರಂತೂ ಕೇಳುವುದೇ ಬೇಡ. 11 ಕೆವಿ ಎಂದರೆ 11,000 ವೋಲ್ಟ್, ಮನೆಯ ಕರೆಂಟು 230. ಏಣಿ ಹಿಡಿದವನ ಕಾಲು ಒದ್ದೆ ನೆಲದ ಮೇಲೆ ಇರುತ್ತದೆ. ಏಣಿ ಬಿಟ್ಟು ಹಾರೋಣ ಎಂದರೆ ಕೈ ಬಿಡುವುದಿಲ್ಲ.

ಇನ್ನು ಏಣಿಯ ವಿಷಯ. ನಾನು ತಂದದ್ದು ಎರಡು ತುಂಡಿನದ್ದು. ಒಂದರ ಮೇಲೆ ಒಂದು ಜಾರಿಸಿ ಕೊಕ್ಕೆ ಹಾಕಿದರೆ ಸುಮಾರು 22 ಅಡಿ ಬರುತ್ತದೆ. ಪಕ್ಕದ ಎರಡು ಕಂಬ ಹಳದಿ ಬಣ್ಣದ ಗಾಜಿನ ನಾರಿನದ್ದು, ಅದನ್ನೇ ಅಂಗಡಿಯವರು ಎಫ್‌ಆರ್‌ಪಿ ಎನ್ನುವುದು. ಮೆಟ್ಟಿಲು ಅಲ್ಯೂಮಿನಿಯಂ. ಇದನ್ನು ನೋಡಿ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್‌ಗೆ ಗಾಬರಿಯಾಯಿತು. ಮೆಟ್ಟಿಲು ಅಲ್ಯೂಮಿನಿಯಂ ಆದರೂ ಒಂದಕ್ಕೊಂದು ತಾಗುವುದಿಲ್ಲ, ನಡುವೆ ಫೈಬರ್ ಕಂಬ ಇರುತ್ತದೆ, ಹಾಗಾಗಿ ಮೇಲಿಂದ ಕೆಳಗಿನವರೆಗೆ ಕರೆಂಟಿಗೆ ದಾರಿ ಇಲ್ಲ. ಕಂಬದ ಉದ್ದಕ್ಕೂ ಕಬ್ಬಿಣದ ಪಟ್ಟಿ ಅಥವಾ ತಂತಿ ಹಾದು ಹೋಗಿದ್ದರೆ ಮಾತ್ರ ಅಂಥ ಏಣಿ ಬೇಡ. ಕೊಳ್ಳುವಾಗ ತಲೆಯಿಂದ ಬುಡದವರೆಗೆ ಕೈಯಾಡಿಸಿ ನೋಡಿ. ಎಷ್ಟು ಕೆವಿವರೆಗೆ ಪರೀಕ್ಷೆ ಮಾಡಿದ್ದಾರೆ ಎಂಬ ಸರ್ಟಿಫಿಕೇಟ್ ಕೇಳಿ. ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು.

ಅಂಗಡಿಯಲ್ಲಿ ನಡೆದ ಒಂದು ವಿಷಯ ಹೇಳಲೇಬೇಕು. ಏಣಿಯ ಭಾರ ನೋಡಿ ನಾನು ಸ್ವಲ್ಪ ಹಿಂದೆ ಮುಂದೆ ನೋಡುತ್ತಿದ್ದಾಗ ಅಂಗಡಿಯ ಹುಡುಗ ಒಳಗಿನಿಂದ ಒಂದು ಉದ್ದದ ಕಪ್ಪು ದೋಟಿ ತಂದ. "ಸರ್, ಮರಗಸಿಗೆ ಇದು ತಗೊಳ್ಳಿ, ಇದೂ ಫೈಬರೇ, ಹತ್ತಿ ಹಾಗೆ ಹಗುರ, ಶಾಕ್ ಹೊಡೆಯಲ್ಲ" ಎಂದ. ಅದು ಕಾರ್ಬನ್ ಫೈಬರ್ ದೋಟಿ, ಅಡಿಕೆಯವರು ಬಳಸುವಂಥದ್ದು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ. ಗಾಜಿನ ನಾರಿನಲ್ಲಿ ಹರಿಯುವುದಿಲ್ಲ. ಎರಡೂ ಬೇರೆ ಬೇರೆ ಸಾಮಾನು. ತಂತಿ ಇಲ್ಲದ ಕಡೆ ಕಾರ್ಬನ್ ದೋಟಿ ಬಹಳ ಒಳ್ಳೆಯದು, ಹಗುರ, ಬಾಗುವುದಿಲ್ಲ, ಮರ ಹತ್ತುವುದು ತಪ್ಪುತ್ತದೆ. ತಂತಿ ಇರುವ ತೋಟಕ್ಕೆ ಅದು ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯ. ಶಾಕ್ ಹೊಡೆಯಲ್ಲ ಎಂದು ನಂಬಿ ತಂದವನ ತೋಟದಲ್ಲಿ ಯಾರಾದರೂ ಸತ್ತರೆ? ಹುಡುಗನಿಗೆ ಗೊತ್ತಿರಲಿಲ್ಲ, ಅವನನ್ನು ಬೈದು ಪ್ರಯೋಜನ ಇಲ್ಲ. ಆದರೆ ಮಾರುವ ಅಂಗಡಿಗೆ ಗೊತ್ತಿರಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದಿಂದಾದ ಗಾಯಕ್ಕೆ, ಸಾವಿಗೆ ತಯಾರಿಸಿದವರನ್ನೂ ಮಾರಿದವರನ್ನೂ ಹೊಣೆ ಮಾಡುವ ಅಧ್ಯಾಯವೇ ಇದೆ. ಮಾರುವವನು ಗುಣದ ಬಗ್ಗೆ ತಾನೇ ಭರವಸೆ ಕೊಟ್ಟು, ಅದು ಸುಳ್ಳಾಗಿ ಅನಾಹುತ ಆದರೆ, ತಯಾರಿಸಿದವನ ಮೇಲೆ ಹಾಕಿ ನುಣುಚಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಬಿಲ್ಲು ಬೇಕು. ಬಿಲ್ಲಿನಲ್ಲಿ ಬರೀ ಏಣಿ ಎಂದು ಬರೆಸಬೇಡಿ, ಎಫ್‌ಆರ್‌ಪಿ ಏಣಿ, ಇಷ್ಟು ಅಡಿ, ಇಷ್ಟು ಭಾರ ತಾಳುವಂಥದ್ದು ಎಂದು ಬರೆಸಿ. ತೊಂದರೆಯಾದರೆ 1915ಕ್ಕೆ ಫೋನ್ ಮಾಡಬಹುದು, ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಎರಡು ವರ್ಷದೊಳಗೆ. ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಎಂಬ ವಾದ ಎದುರಿನವರು ಎತ್ತುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ಕಾಯ್ದೆ ರಿಯಾಯಿತಿ ಕೊಟ್ಟಿದೆ. ದೊಡ್ಡ ಎಸ್ಟೇಟಿನವರು ಮೊದಲೇ ವಕೀಲರನ್ನು ಕೇಳುವುದು ಒಳ್ಳೆಯದು.

ಬೆಲೆ ಅಲ್ಯೂಮಿನಿಯಂ ಏಣಿಗಿಂತ ಹತ್ತಿರ ಹತ್ತಿರ ಎರಡರಷ್ಟು ಆಯಿತು. ಭಾರ ನಿಜಕ್ಕೂ ತೊಂದರೆ. ಒಬ್ಬ ಎತ್ತಬಹುದು, ಆದರೆ ಇಳಿಜಾರಿನಲ್ಲಿ ಕಾಫಿ ಗಿಡಗಳ ಮಧ್ಯೆ ದಿನವಿಡೀ ಒಬ್ಬನೇ ಹೊತ್ತು ತಿರುಗಲು ಆಗುವುದಿಲ್ಲ. "ಸಾವ್ಕಾರ್ರೇ, ಇದನ್ನ ಹೊತ್ರೆ ಮೆಣಸು ಕುಯ್ಯೋದು ಯಾವಾಗ?" ಎಂದು ನಮ್ಮ ಹಳೆಯ ಆಳು ನೇರವಾಗಿಯೇ ಕೇಳಿದರು. ಅವರ ಮಾತಿನಲ್ಲಿ ನ್ಯಾಯ ಇದೆ, ಕೆಜಿ ಲೆಕ್ಕದಲ್ಲಿ ಕೊಯ್ಯುವವರಿಗೆ ಏಣಿ ಸಾಗಿಸುವ ಹೊತ್ತು ಎಂದರೆ ಕೂಲಿಯೇ ಹೋದ ಹಾಗೆ. ನಾವು ಲೈನಿನ ಎರಡೂ ಪಕ್ಕದ ಮರಗಳಿಗೆ ಕೆಜಿ ಲೆಕ್ಕ ಬಿಟ್ಟು ದಿನಗೂಲಿ ಮಾಡಿದೆವು. ಒಂದು ಏಣಿಗೆ ಇಬ್ಬರು, ಒಬ್ಬ ಹತ್ತುವುದು, ಇನ್ನೊಬ್ಬ ಬುಡ ಹಿಡಿದು ತಂತಿ ಕಡೆ ಕಣ್ಣಿಡುವುದು. ಅವಸರ ಇಲ್ಲ ಎಂದಾದ ಮೇಲೆ ಗೊಣಗಾಟವೂ ನಿಂತಿತು. ಈ ಖರ್ಚನ್ನೂ ಏಣಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಬರೀ ಏಣಿ ತಂದುಕೊಟ್ಟು ಹಳೆಯ ವೇಗದಲ್ಲೇ ಕೆಲಸ ಕೇಳಿದರೆ ಅವರು ಕಣ್ಣು ತಪ್ಪಿಸಿ ಅಲ್ಯೂಮಿನಿಯಂ ಏಣಿಯನ್ನೇ ತೆಗೆಯುತ್ತಾರೆ.

ಬಳಸುವಾಗ ಗಮನಿಸಿದ್ದು ಇನ್ನೂ ಇದೆ. ಫೈಬರ್ ಒಣಗಿ ಚೊಕ್ಕಟವಾಗಿ ಇದ್ದರೆ ಮಾತ್ರ ಕರೆಂಟು ತಡೆಯುತ್ತದೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಬೆಳಗ್ಗೆ ಮಂಜು ಬಿದ್ದು ಏಣಿ ಒದ್ದೆಯಾಗಿರುತ್ತದೆ, ಕಾಫಿ ಹೂ ಬಿಡಿಸುವ ಹೂ ಮಳೆ ಬಂದರೆ ಇನ್ನೂ ಕೆಟ್ಟದ್ದು. ಒದ್ದೆ ಏಣಿಯ ಮೇಲೆ, ಮಣ್ಣು ಪಾಚಿ ಮೆತ್ತಿದ ಏಣಿಯ ಮೇಲೆ ಕರೆಂಟು ಹರಿಯಬಹುದು. ಹಾಗಾಗಿ ತಂತಿ ಹತ್ತಿರದ ಮರಗಳನ್ನು ಬಿಸಿಲು ಏರಿದ ಮೇಲೆ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಟ್ಟುವುದು. ಅಲ್ಯೂಮಿನಿಯಂ ಪೈಪು ಕಟ್ಟಿ ಏಣಿ ಉದ್ದ ಮಾಡುವುದು, ಮೇಲ್ತುದಿಗೆ ಕಬ್ಬಿಣದ ಕೊಕ್ಕೆ ಹಾಕಿ ಬೈಂಡಿಂಗ್ ವಯರಿನಲ್ಲಿ ಬಿಗಿಯುವುದು, ಇವೆರಡೂ ಖಂಡಿತ ಬೇಡ. ಬಿಸಿಲಿನಲ್ಲಿ ಬಿಟ್ಟರೆ ಮೇಲಿನ ಪದರ ಸವೆದು ನಾರು ಏಳುತ್ತದೆ, ಅಂಗೈಗೆ ಚುಚ್ಚಿ ತುರಿಕೆ ಬರುತ್ತದೆ. ನೆರಳಿನಲ್ಲಿ ಅಡ್ಡ ಮಲಗಿಸಿ ಇಡಿ.

ಎಂಥ ಒಳ್ಳೆಯ ಏಣಿಯಾದರೂ ತಂತಿಗೆ ತಾಗಿಸುವ ಧೈರ್ಯ ಬೇಡ. ಲೈನ್ ಪಕ್ಕದ ಮರಕ್ಕೆ ಹತ್ತುವ ಮೊದಲು ನಮ್ಮ ಕಡೆ ಕರೆಂಟು ಕೊಡುವ ಸೆಸ್ಕ್‌ನವರಿಗೆ ಹೇಳಿ ಲೈನ್ ಆಫ್ ಮಾಡಿಸಿಕೊಳ್ಳಬೇಕು. 1912ಕ್ಕೆ ಫೋನ್ ಮಾಡಿ, ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲೂ ಕೊಡಿ. ಜೋತು ಬಿದ್ದ ತಂತಿ ಇದ್ದರೆ ಫೋಟೋ ಸಮೇತ ಅರ್ಜಿ ಕೊಟ್ಟು, ಸ್ವೀಕರಿಸಿದ ಮೊಹರು ಹಾಕಿಸಿಕೊಳ್ಳಿ. ತುಂಡಾಗಿ ಬಿದ್ದ ತಂತಿಯಿಂದ ಸಾವಾದಾಗ ವಿದ್ಯುತ್ ಕೊಡುವ ಸಂಸ್ಥೆ ತನ್ನ ತಪ್ಪಿಲ್ಲ ಎಂದು ಜಾರಿಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಸರಿಯಾದ ಎತ್ತರದಲ್ಲಿದ್ದ ತಂತಿಗೆ ನಮ್ಮ ಏಣಿ ಹೋಗಿ ತಾಗಿದರೆ ಪ್ರಶ್ನೆ ನಮ್ಮ ಕಡೆ ತಿರುಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಏಣಿ ಕೊಟ್ಟವರು ಯಾರು, ಎಚ್ಚರಿಕೆ ಹೇಳಿದ್ದರಾ, ಲೈನ್ ಆಫ್ ಮಾಡಿಸಿದ್ದರಾ ಎಂದು ಪೊಲೀಸರು ಕೇಳುತ್ತಾರೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ ಇದು ಎರಡು ವರ್ಷ ಇತ್ತು.

ಈಗ ಈ ಏಣಿಯ ದೊಡ್ಡ ದೋಷಕ್ಕೆ ಬರುತ್ತೇನೆ. ಬುಡದ ರಬ್ಬರ್ ಬೂಟು. ಅದನ್ನು ಸಿಮೆಂಟ್ ನೆಲಕ್ಕೆ ಮಾಡಿದ್ದಾರೆ, ಅಗಲವಾಗಿ ಚಪ್ಪಟೆ. ತೋಟದಲ್ಲಿ ಒಣಗಿದ ಸಿಲ್ವರ್ ಓಕ್ ಎಲೆ ಒಂದರ ಮೇಲೊಂದು ಬಿದ್ದು ನೆಲವೇ ಕಾಣುವುದಿಲ್ಲ, ಕೆಳಗೆ ಇಳಿಜಾರು. ಆ ಎಲೆಯ ಮೇಲೆ ರಬ್ಬರ್ ಬೂಟು ನಿಲ್ಲುವುದಿಲ್ಲ. ನಮ್ಮಲ್ಲಿ ಏಣಿ ಹತ್ತುವ ಹುಡುಗ ಹತ್ತಡಿ ಮೇಲಿಂದ ಬಿದ್ದದ್ದು ಹಾಗೇ. ಮೇಲ್ತುದಿಯನ್ನು ಮರಕ್ಕೆ ಕಟ್ಟಲು ಹಗ್ಗ ಕೈಯಲ್ಲಿ ಹಿಡಿದಿದ್ದ. ಕಟ್ಟುವುದರೊಳಗೆ ಬುಡ ಜಾರಿತು. ಕೆಳಗೆ ಹಿಡಿದವನ ಕೈಯಿಂದಲೂ ಕಿತ್ತುಕೊಂಡು ಹೋಯಿತು. ಹುಡುಗ ಎರಡೂ ಹಿಮ್ಮಡಿ ಊರಿ ಬಿದ್ದು, ಹಾಗೇ ಹಿಂದಕ್ಕೆ ಕೂತ. ರಕ್ತ ಒಂದು ಹನಿ ಇಲ್ಲ. ಮಾತಾಡುತ್ತಿದ್ದ. ಏಳಲು ಹೊರಟವನನ್ನು ಭುಜ ಹಿಡಿದು ಮಲಗಿಸಿದೆವು.

ಮುಂದಿನ ಅರ್ಧ ಗಂಟೆಯಲ್ಲಿ ಸುತ್ತ ಸೇರಿದವರ ಬಾಯಲ್ಲಿ ಬಂದ ಸಲಹೆಗಳನ್ನು ಕೇಳಿದರೆ ನಮ್ಮ ಊರಿನಲ್ಲಿ ಆರೋಗ್ಯದ ನಿರ್ಧಾರ ಹೇಗೆ ಆಗುತ್ತದೆ ಎಂದು ಗೊತ್ತಾಗುತ್ತದೆ. ಒಬ್ಬರು ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸೋಣ ಎಂದರು. ಇನ್ನೊಬ್ಬರು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ ಎಂದರು. ಮತ್ತೊಬ್ಬರು ಇಲ್ಲಿ ಎಲ್ಲೂ ತೋರಿಸಬೇಡಿ, ಸೀದಾ ಮೈಸೂರಿಗೆ ಹೊಡೀರಿ ಎಂದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಹಿಮ್ಮಡಿ ಊರಿ ಬಿದ್ದವರಿಗೆ ಹಿಮ್ಮಡಿ ಮೂಳೆಯ ಜೊತೆ ಸೊಂಟದ ಹತ್ತಿರದ ಬೆನ್ನುಮೂಳೆಯೂ ಒಡೆದಿರಬಹುದು. ಬಿದ್ದ ಹೊಡೆತ ಕಾಲಿನಿಂದ ಮೇಲಕ್ಕೆ ಹೋಗುತ್ತದೆ. ಮೇಲೆ ಗಾಯ ಕಾಣುವುದಿಲ್ಲ. ಅಂಥವನನ್ನು ಮಡಚಿ ಜೀಪಿನಲ್ಲಿ ಕೂರಿಸಿದರೆ, ಕೈ ಕಾಲು ಹಿಡಿದು ಮೂಟೆ ಎತ್ತಿದ ಹಾಗೆ ಎತ್ತಿದರೆ, ಒಡೆದ ಮೂಳೆ ನರಕ್ಕೆ ಒತ್ತಿ ಜೀವನ ಪೂರ್ತಿ ಕಾಲು ಬಾರದ ಹಾಗೆ ಆಗಬಹುದು. ಪಂಪ್ ಮನೆಯ ಹಳೆಯ ಮರದ ಬಾಗಿಲು ಬಿಚ್ಚಿ ತಂದು, ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿ ಇರುವ ಹಾಗೆ ನಾಲ್ಕು ಜನ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಿದೆವು. ತಲೆಯ ಎರಡು ಪಕ್ಕ ಮಡಚಿದ ಗೋಣಿಚೀಲ. ಅಷ್ಟರಲ್ಲಿ 108 ಬಂತು.

ನಾಟಿ ವೈದ್ಯರ ಮೇಲೆ ನನಗೆ ಕೋಪ ಇಲ್ಲ. ಉಳುಕಿಗೆ ಅವರ ಎಣ್ಣೆ ಹಚ್ಚಿಸಿಕೊಂಡು ಬಂದವರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಎತ್ತರದಿಂದ ಬಿದ್ದವರಿಗೆ ಎಕ್ಸ್‌ರೇ ಆಗದೆ ಯಾರೂ ಕಟ್ಟು ಹಾಕಬಾರದು. ಮುರಿದ ಕಡೆ ಊತ ಏರುತ್ತಾ ಹೋಗುತ್ತದೆ, ಬಿಗಿಯಾದ ಕಟ್ಟು ಒಳಗೆ ರಕ್ತ ಓಡದ ಹಾಗೆ ಮಾಡುತ್ತದೆ. ಬೆರಳು ತಣ್ಣಗಾಗಿ, ಬಣ್ಣ ಕೆಟ್ಟು, ಜೋಮು ಹಿಡಿದರೆ ಕಾಯುವ ಹಾಗೇ ಇಲ್ಲ, ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು.

ಮೈಸೂರಿನ ಮಾತು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು, 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿ ಆ ದಾರಿಯೇ ಮುಚ್ಚಿ ಹೋಗಿತ್ತು. ರೈಲು ಇಲ್ಲ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಆಸ್ಪತ್ರೆ ಬೇಕು ಎಂದು ಎಷ್ಟು ಜನ ಜಾಲತಾಣದಲ್ಲಿ ಕೂಗಿದೆವು, ನೆನಪಿದೆ ಅಲ್ವಾ? ಆ ಕೂಗು ಇವತ್ತಿಗೂ ನ್ಯಾಯವೇ. ಆದರೂ ಉಸಿರಾಟ ಸರಿ ಇಲ್ಲದವರನ್ನು, ರಕ್ತ ನಿಲ್ಲದವರನ್ನು, ಪ್ರಜ್ಞೆ ತಪ್ಪಿದವರನ್ನು ಎತ್ತಿಕೊಂಡು ಎರಡು ಮೂರು ಗಂಟೆ ಸೀದಾ ಓಡಿಸುವುದು ಸರಿಯಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ಒಂದು ಹದಕ್ಕೆ ತಂದು, ಬೆನ್ನು ಅಲ್ಲಾಡದ ಹಾಗೆ ಕಟ್ಟಿ, ಅಲ್ಲಿಂದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ, ಆಮೇಲೆ ಹೊರಡಬೇಕು. ಮಡಿಕೇರಿಯ ದೊಡ್ಡಾಸ್ಪತ್ರೆ ಈಗ 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮೊದಲಿನ ಹಾಗಲ್ಲ, ಎಕ್ಸ್‌ರೇ, ಮೂಳೆ ಡಾಕ್ಟರು ಸಿಗುತ್ತಾರೆ. ಕಾಲು ಅಲ್ಲಾಡಿಸಲು ಆಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ನರದ ಶಸ್ತ್ರಚಿಕಿತ್ಸೆ ಇರುವ ಕಡೆಗೆ ತಡ ಮಾಡದೆ ಕಳಿಸಿ ಎಂದು ನೀವೇ ಕೇಳಿ.

ನಾವು ಮೊದಲು ನಿಲ್ಲಿಸಿದ್ದು ದಾರಿಯಲ್ಲಿದ್ದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ. ಅಲ್ಲಿ ಹುಡುಗನನ್ನು ನೋಡುವ ಮೊದಲೇ ಅಡ್ವಾನ್ಸ್ ಕಟ್ಟಿ ಎಂದರು. ತುರ್ತು ಹೊತ್ತಿನಲ್ಲಿ ದುಡ್ಡಿಗೆ ಕಾಯದೆ ಮೊದಲು ಚಿಕಿತ್ಸೆ ಕೊಡಬೇಕು ಎಂದು ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ, ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಎಲ್ಲ ಡಾಕ್ಟರುಗಳ ಕರ್ತವ್ಯ ಎಂದಿದೆ. ಜೋರು ಮಾಡದೆ ಇಷ್ಟನ್ನು ಹೇಳಿದ ಮೇಲೆ ಡ್ಯೂಟಿ ಡಾಕ್ಟರು ಹೊರಗೆ ಬಂದು ನೋಡಿ, ಸೊಂಟಕ್ಕೆ ಬೆಲ್ಟ್ ಹಾಕಿ, ಸೂಜಿ ಕೊಟ್ಟು ಕಳಿಸಿದರು. ಮಡಿಕೇರಿಯಲ್ಲಿ ಹಿಮ್ಮಡಿ ಮೂಳೆ ಒಂದು ಕಡೆ ಬಿರುಕು, ಬೆನ್ನಿನ ಒಂದು ಮೂಳೆ ಸ್ವಲ್ಪ ಜಜ್ಜಿದೆ, ನರಕ್ಕೆ ತೊಂದರೆ ಇಲ್ಲ ಎಂದು ಗೊತ್ತಾಯಿತು. ಆಪರೇಷನ್ ಬೇಡ, ಬೆಲ್ಟ್ ಹಾಕಿ ವಿಶ್ರಾಂತಿ. ಈಗ ನಡೆಯುತ್ತಾನೆ. ಏಣಿ ಹತ್ತಿಸುತ್ತಿಲ್ಲ, ಕಣದ ಕೆಲಸ ಕೊಟ್ಟಿದ್ದೇವೆ.

ಶಾಕ್ ಹೊಡೆದವರ ವಿಷಯ ಬೇರೆ. 11 ಕೆವಿ ಹಿಡಿದವನನ್ನು ಕೋಲಿನಿಂದ ದೂಡಲು ಹೋಗಬೇಡಿ, ಅಷ್ಟು ವೋಲ್ಟಿಗೆ ಕೋಲು, ಚಪ್ಪಲಿ ಯಾವುದೂ ಸಾಲದು. ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಹತ್ತಿರ ಹೋಗಬಾರದು, ಕಾಪಾಡಲು ಹೋದವರೂ ಜೊತೆಗೇ ಸಾಯುತ್ತಾರೆ. ಆಫ್ ಆದ ಮೇಲೆ ಉಸಿರಿಲ್ಲ ಎಂದರೆ ಎದೆ ಒತ್ತುವುದನ್ನು ತಕ್ಷಣ ಶುರು ಮಾಡಬೇಕು. ಎದ್ದು ಕೂತು ಏನೂ ಆಗಿಲ್ಲ ಎಂದರೂ ಸುಮ್ನೆ ಮನೆಗೆ ಕಳಿಸಬೇಡಿ. ಚರ್ಮದ ಮೇಲೆ ಚಿಕ್ಕ ಸುಟ್ಟ ಗುರುತು, ಒಳಗೆ ಮಾಂಸ ಬೆಂದಿರಬಹುದು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಅಪಾಯ. ಇಸಿಜಿ ಆಗಲೇಬೇಕು.

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಮನೆಯಲ್ಲಿ ಜಾರಿಬಿದ್ದ ಎಂದು ಬರೆಸುವ ಅಭ್ಯಾಸ ನಮ್ಮ ತೋಟಗಳಲ್ಲಿದೆ. ಪೊಲೀಸ್ ಕೇಸು ಆಗುತ್ತದೆ ಎಂಬ ಹೆದರಿಕೆ. ಇದು ಕೆಲಸದವನಿಗೆ ಮಾಡುವ ದೊಡ್ಡ ಅನ್ಯಾಯ. ಆ ಒಂದು ಸಾಲಿನ ಮೇಲೆ ಅವನ ಪರಿಹಾರ ನಿಂತಿರುತ್ತದೆ. ಮಾಲೀಕನಿಗೂ ಅದು ಒಳ್ಳೆಯದಲ್ಲ, ಇನ್ಶೂರೆನ್ಸ್‌ನವರು ಮೊದಲು ನೋಡುವುದು ಆಸ್ಪತ್ರೆಯ ಆ ದಾಖಲೆಯನ್ನೇ. ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ ಡಾಕ್ಟರುಗಳಿಗೆ ಇದೆ, ಕೇಳಿ ಪಡೆಯಿರಿ.

ಪರಿಹಾರದ ಕಾನೂನು 1923ರದ್ದು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಬಂದಿದೆ, ಲೆಕ್ಕದ ಸೂತ್ರ ಹಳೆಯದೇ. ಕೆಲಸದಲ್ಲಿ ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಪೂರ್ತಿ ಅಂಗವಿಕಲನಾದರೆ ಅರ್ಧದ ಬದಲು ನೂರಕ್ಕೆ 60. 40 ವರ್ಷದವನಿಗೆ ಆ ಅಂಕಿ 184.17. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿ ಮಾಡಿದ್ದರು. ಆ ಮಿತಿಯಲ್ಲಿ ಸಾವಿಗೆ 13,81,275 ರೂಪಾಯಿ, ಪೂರ್ತಿ ಅಂಗವೈಕಲ್ಯಕ್ಕೆ 16,57,530 ರೂಪಾಯಿ. ಚಿಕಿತ್ಸೆಯ ನಿಜವಾದ ಖರ್ಚು ಬೇರೆ. ಕೆಲವು ವಾರ ಕೆಲಸಕ್ಕೆ ಬರಲು ಆಗದಿದ್ದರೆ ಅರ್ಧ ತಿಂಗಳಿಗೊಮ್ಮೆ ಕೂಲಿಯ ಕಾಲು ಭಾಗ, ಅಂದರೆ ತಿಂಗಳಿಗೆ ಅರ್ಧ ಕೂಲಿ. ತಡ ಮಾಡಿದರೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ, ಸಕಾರಣ ಇಲ್ಲದ ತಡವಾದರೆ ಬಾಕಿಯ ಅರ್ಧದವರೆಗೆ ದಂಡ. ಈ ದಂಡವನ್ನು ಇನ್ಶೂರೆನ್ಸ್ ಕಂಪನಿ ಕಟ್ಟುವುದಿಲ್ಲ, ನಮ್ಮ ಜೇಬಿನಿಂದಲೇ ಹೋಗಬೇಕು.

ನಮ್ಮಲ್ಲಿ ಕೇಳಿಬರುವ ಮೂರು ಮಾತುಗಳಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಅವರು ಮೇಸ್ತ್ರಿ ಕರೆತಂದ ಆಳುಗಳು, ನನ್ನವರಲ್ಲ ಎನ್ನುತ್ತಾರೆ. ಕೊಯ್ಲು ನಿಮ್ಮ ತೋಟದ ಕೆಲಸವೇ ಆದ್ದರಿಂದ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು, ನೀವು ಬೇಕಾದರೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಿ. ಕುಡಿದಿದ್ದ ಎನ್ನುತ್ತಾರೆ. ಸಣ್ಣ ಗಾಯವಾದರೆ ಆ ವಾದ ನಡೆಯಬಹುದು, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ನಡೆಯುವುದಿಲ್ಲ. ಇನ್ನು ಮೂರನೆಯದು, ಮನೆಯವರಿಗೆ ಒಂದಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿದ್ದೇವೆ ಎನ್ನುವುದು. ಹಕ್ಕು ಬಿಟ್ಟುಕೊಡುವ ಇಂಥ ಕಾಗದ ಊರ್ಜಿತವಲ್ಲ. ಸಾವಿನ ಪರಿಹಾರವನ್ನು ಕಾನೂನು ಹೇಳಿದ ಅಧಿಕಾರಿಯ ಮುಂದೆ ಠೇವಣಿ ಇಡಬೇಕು, ಸೀದಾ ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರು ಎರಡು ವರ್ಷದೊಳಗೆ ಕೇಳಬಹುದು. ಎರವರು, ಜೇನು ಕುರುಬರು ಪರಿಶಿಷ್ಟ ಪಂಗಡದವರು. ಅವರಿಗೆ, ಮತ್ತು ಯಾವ ಜಾತಿಯ ಹೆಣ್ಣುಮಕ್ಕಳಿಗೇ ಆಗಲಿ, ಆದಾಯ ನೋಡದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಫೋನ್ 15100. ಇದನ್ನು ಕೆಲಸದವರು ಇರುವ ಲೈನ್ ಮನೆಯ ಗೋಡೆಯ ಮೇಲೆ ನಾನೇ ಬರೆಸಿದ್ದೇನೆ. ನಿನ್ನ ಮೇಲೇ ಕೇಸು ಹಾಕಲು ನೀನೇ ನಂಬರ್ ಕೊಡುತ್ತೀಯಾ ಎಂದು ಪಕ್ಕದ ತೋಟದವರು ಕೇಳಿದರು. ಹೌದು, ಕೊಡುತ್ತೇನೆ. ಅವರ ಹಕ್ಕು ಅದು.

ಏಣಿಗೆ ದುಡ್ಡು ಹಾಕುವಾಗಲೇ ಕಾರ್ಮಿಕ ಪರಿಹಾರದ ಪಾಲಿಸಿಯನ್ನೂ ಮಾಡಿಸಿ. ವರ್ಷಕ್ಕೆ ಕೊಡುವ ಒಟ್ಟು ಕೂಲಿಯ ಮೇಲೆ ಪ್ರೀಮಿಯಂ ಲೆಕ್ಕ. ಆಸ್ಪತ್ರೆ ಖರ್ಚಿನ ಭಾಗವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು, ಏಜೆಂಟರು ತಾವಾಗಿ ಹೇಳುವುದಿಲ್ಲ. ಮೇಸ್ತ್ರಿಯ ಆಳುಗಳೂ ಬರುತ್ತಾರಾ ಎಂದು ಬರವಣಿಗೆಯಲ್ಲಿ ಕೇಳಿ. ಇದರ ಜೊತೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 18ರಿಂದ 70 ವರ್ಷದವರಿಗೆ, ಅಪಘಾತದ ಸಾವಿಗೆ 2 ಲಕ್ಷ. ಬ್ಯಾಂಕ್ ಖಾತೆ ಇದ್ದವರಿಗೆಲ್ಲ ಮಾಡಿಸಿದೆವು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಸ್ಸಾಂನಿಂದ ಬಂದ ಹುಡುಗರ ಆಯುಷ್ಮಾನ್ ಕಾರ್ಡೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಇಲ್ಲೇ ನಡೆಯುತ್ತದೆ, ಊರಲ್ಲಿ ಬಿಟ್ಟು ಬಂದಿದ್ದರೆ ಫೋಟೋ ತರಿಸಿ ಇಟ್ಟುಕೊಳ್ಳಲು ಹೇಳಿ.

ಏಣಿಯ ಬುಡಕ್ಕೆ ಆಮೇಲೆ ಕಬ್ಬಿಣದ ಮೊನೆ ಇರುವ ಬೂಟು ಹಾಕಿಸಿದೆ. ಎಲೆ ಗುಡಿಸಿ ಮಣ್ಣಿಗೆ ಊರಿದರೆ ಅಲ್ಲಾಡುವುದಿಲ್ಲ. ಅಂಗಡಿಯವರು ಮೊದಲು ತಕರಾರು ಮಾಡಿದರು, ತೋಟದ ಏಣಿ ಎಂದು ಬಿಲ್ಲಿನಲ್ಲಿ ಬರೆದಿದ್ದನ್ನು ತೋರಿಸಿದ ಮೇಲೆ ದುಡ್ಡಿಲ್ಲದೆ ಬದಲಿಸಿಕೊಟ್ಟರು. ಫುಲ್ ಬಾಡಿ ಸೇಫ್ಟಿ ಬೆಲ್ಟ್ ಬೇರೆಯಾಗಿ ಕೊಂಡೆವು, ಮೇಲೆ ಹೋದ ತಕ್ಷಣ ಮರಕ್ಕೆ ಕಟ್ಟಿಕೊಳ್ಳುವುದು ಈಗ ರೂಢಿಯಾಗಿದೆ. ಹಳೆಯ ಅಲ್ಯೂಮಿನಿಯಂ ಏಣಿಗಳನ್ನು ಯಾರಿಗೂ ಮಾರಲಿಲ್ಲ, ತುಂಡು ಮಾಡಿ ಗುಜರಿಗೆ ಹಾಕಿದೆವು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಆ ರಬ್ಬರ್ ಬೂಟಿಗೆ. ತಯಾರಿಸುವವರು ಕಾಫಿ ತೋಟಕ್ಕೆ ಕಳಿಸುವ ಏಣಿಗೆ ಮೊನೆ ಬೂಟನ್ನು ಮೊದಲೇ ಹಾಕಿ ಕಳಿಸಬೇಕು. ಒಂಟಿ ಕಂಬದ ಫೈಬರ್ ಏಣಿಯೂ ಸಿಗುತ್ತದೆ ಎಂದು ಕೇಳಿದ್ದೇನೆ, ಬಳ್ಳಿ ದಟ್ಟ ಇರುವ ಕಡೆ ಅದು ಇನ್ನೂ ಅನುಕೂಲ. ನಾಪೋಕ್ಲು, ಪೊನ್ನಂಪೇಟೆ ಕಡೆ ಯಾರಾದರೂ ಅದನ್ನು ಎರಡು ಮೂರು ಸೀಸನ್ ಬಳಸಿದ್ದರೆ ಮೆಟ್ಟಿಲಿನ ಬೆಸುಗೆ, ಬೋಲ್ಟು ಹೇಗೆ ತಾಳಿವೆ ಎಂದು ಬರೆಯಿರಿ. ಮರಗಸಿ ಶುರುವಾಗುವ ಮೊದಲು ಇನ್ನೊಂದು ಏಣಿ ತರಬೇಕಾಗಿದೆ.